ಅಡಿಕೆ ಸುಲಿಯುವ ರಾತ್ರಿ, 12 ನಿಮಿಷ

ನಾನು ಸಿರ್ಸಿ ಕಡೆಯವಳು, ಇಪ್ಪತ್ತು ವರ್ಷದಿಂದ ನರ್ಸ್. ಆಸ್ಪತ್ರೆಯಲ್ಲಿ ಎಷ್ಟೋ ಜನರ ಎದೆ ಒತ್ತಿದ್ದೇನೆ. ಮನೆಯವರ ಎದೆ ಒತ್ತಿದ್ದು ಅವತ್ತೇ ಮೊದಲು.

ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆ ಕೂತಿದ್ದ ಭಾವ, 47 ವರ್ಷ, ಮಾತಾಡ್ತಾ ಮಾತಾಡ್ತಾ ಪಕ್ಕದ ಅಡಿಕೆ ರಾಶಿಗೆ ವಾಲಿಬಿಟ್ಟರು. ಹೆಗಲು ತಟ್ಟಿ ಕರೆದೆ, ಓಗೊಡಲಿಲ್ಲ. 108ಕ್ಕೆ ಫೋನ್ ಮಾಡಿ ಅಂತ ಕೂಗಿದೆ. ಯಾರೋ ನೀರು ಚಿಮುಕಿಸಿದರು, ಇನ್ಯಾರೋ ಕೈಗೆ ಕಬ್ಬಿಣ ಹಿಡಿಸಲು ಬಂದರು. ಅಕ್ಕ ಮಾತ್ರ "ಉಸಿರು ಇದ್ದು ಅಲ್ದನೇ ತಂಗಿ, ಗೊರಕೆ ಕೇಳ್ತಾ ಇದ್ದು" ಅಂದಳು.

ಅದು ಗೊರಕೆ ಅಲ್ಲ. ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೆ ಬಾಯಿ ತೆರೆದು ತೆರೆದು ಏದುಸಿರು ಬರುತ್ತದೆ, ದಡಕ್ಕೆ ಬಿದ್ದ ಮೀನಿನ ಹಾಗೆ. ಇದನ್ನೇ ಉಸಿರು ಅಂದುಕೊಂಡು ಕಾಯ್ತಾ ಕೂತರೆ ಜೀವ ಹೋಗುತ್ತದೆ.

ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವಿನ ಮೂಳೆಯ ಮೇಲೆ ಅಂಗೈ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ ಮೈಭಾರ ಹಾಕಿ ಒತ್ತಿದೆ. ಎರಡು ಇಂಚು ಒಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಬೇಕು. ಐದಾರು ಸಲ ಒತ್ತುವಷ್ಟರಲ್ಲಿ ಪಕ್ಕೆಲುಬು ಲಟ್ ಅಂದಿತು. ಅಕ್ಕ ಚೀರಿದಳು. ನಾನು ನಿಲ್ಲಿಸಲಿಲ್ಲ, ಮುರಿದ ಮೂಳೆ ಕೂಡುತ್ತದೆ. ಎರಡು ನಿಮಿಷಕ್ಕೇ ಕೈ ಸೋತಿತು, ಎದುರಿಗಿದ್ದ ಹುಡುಗನಿಗೆ "ನೋಡು, ಹೀಗೇ ಒತ್ತು" ಅಂತ ಬಿಟ್ಟುಕೊಟ್ಟೆ. ಹೀಗೆ ಕೈ ಬದಲಾಯಿಸುತ್ತಾ 12 ನಿಮಿಷ. ಆಂಬುಲೆನ್ಸ್ ಬಂತು, ಪುಣ್ಯಕ್ಕೆ ಅದರಲ್ಲಿ ಶಾಕ್ ಕೊಡುವ ಯಂತ್ರ ಇತ್ತು. ಎರಡನೇ ಶಾಕಿಗೆ ನಾಡಿ ಸಿಕ್ಕಿತು. ಇಂಥ ಹೊತ್ತಲ್ಲಿ ಎಷ್ಟೋ ಸಲ ಹೃದಯ ಸುಮ್ನೆ ಅದುರುತ್ತಾ ಇರುತ್ತದೆ, ರಕ್ತ ತಳ್ಳುವುದಿಲ್ಲ. ಆ ಅದುರು ನಿಲ್ಲಿಸೋದಕ್ಕೆ ಶಾಕೇ ಬೇಕು, ಅಲ್ಲಿವರೆಗೆ ಮಿದುಳಿಗೆ ರಕ್ತ ಮುಟ್ಟಿಸೋದು ನಮ್ಮ ಕೈ.

ಹುಬ್ಬಳ್ಳಿಯಲ್ಲಿ ಆಂಜಿಯೋಗ್ರಾಂ ಮಾಡಿದಾಗ ರಕ್ತನಾಳ ಕಟ್ಟಿದ್ದು ಗೊತ್ತಾಯಿತು, ಸ್ಟೆಂಟ್ ಹಾಕಿದರು. ಆಮೇಲೆ ಅಕ್ಕ ಹೇಳಿದಳು, ಎಂಟು ದಿನದಿಂದ ತೋಟದಿಂದ ಮೇಲೆ ಹತ್ತುವಾಗ ಎದೆ ಬಿಗಿ ಹಿಡೀತಿತ್ತಂತೆ, ನಿಂತರೆ ಬಿಡ್ತಿತ್ತಂತೆ. ಗ್ಯಾಸು ಅಂತ ಜೀರಿಗೆ ಕಷಾಯ ಕುಡಿದಿದ್ದಾರೆ. ಪಕ್ಕದ ಮನೆಯಲ್ಲೇ ಇದ್ದ ನನಗೆ ಹೇಳಲಿಲ್ಲ, ಅದು ಈಗಲೂ ಕಾಡುತ್ತದೆ. ನಡೆದರೆ ಬರುವ, ನಿಂತರೆ ಹೋಗುವ ಎದೆಬಿಗಿತ ಇದ್ದರೆ ದಯವಿಟ್ಟು ಅವತ್ತೇ ಇಸಿಜಿ ಮಾಡಿಸಿ. ಅದು ಸರಿ ಇದೆ ಅಂದರೂ ನೋವು ಮತ್ತೆ ಬಂದರೆ ಮತ್ತೆ ಹೋಗಿ. ಪುನೀತ್ ರಾಜಕುಮಾರ್ 2021ರಲ್ಲಿ ತೀರಿಕೊಂಡಾಗ 46 ವರ್ಷ ಅಷ್ಟೇ ಅಲ್ವಾ? ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನೂ ಉಚಿತ.

ಭಾವನ ತಮ್ಮನಿಗೂ ಪರೀಕ್ಷೆ ಮಾಡಿಸಿದೆ. 41ಕ್ಕೇ ಬಿಪಿ ಜಾಸ್ತಿ, ಮಾತ್ರೆ ಶುರುವಾಗಿದೆ. ಭಾವ ಕವಳಕ್ಕೆ, ಅಂದರೆ ಎಲೆಅಡಿಕೆಗೆ, ತಂಬಾಕು ಹಾಕೋದು ಬಿಟ್ಟಿದ್ದಾರೆ. ಈ ಸಲ ಸುಲಿಯೋಕೆ ಕೂರುವ ಮೊದಲು ಚಪ್ಪರದಲ್ಲೇ ಎಲ್ಲರಿಗೂ ದಿಂಬಿನ ಮೇಲೆ ಒತ್ತಿ ತೋರಿಸಿದೆ. ಎಲ್ಲರಿಗಿಂತ ಮೊದಲು ಮಂಡಿಯೂರಿ ಕೂತವಳು ಅಕ್ಕ.