ಸರ್ಕಾರಿ ಕಾಮಗಾರಿಯಲ್ಲಿ ಕಡಿಮೆ ಕೂಲಿ: ಬಾಕಿ ಕೇಳಿ ಪಡೆಯುವುದು ಹೇಗೆ?

ಶಾಲಾ ಕಟ್ಟಡ, ಪಂಚಾಯತ್ ರಸ್ತೆ, ಹೆದ್ದಾರಿ ಮುಂತಾದ ಕಾಮಗಾರಿಗಳಲ್ಲಿ ದುಡಿದು ನಿಗದಿತ ಕನಿಷ್ಠ ಕೂಲಿಗಿಂತ ಕಡಿಮೆ ಪಡೆದವರು ಕಾಸರಗೋಡಿನಲ್ಲಿ ದೂರು ಕೊಡುವುದುಂಟು. ಆದರೆ ‘ಕಂಟ್ರಾಕ್ಟರ್ ಸರಿಯಾಗಿ ಸಂಬಳ ಕೊಟ್ಟಿಲ್ಲ’ ಎಂಬ ಒಂದೇ ಸಾಲಿನ ಅರ್ಜಿ ಹಿಡಿದು ಹೋದವರು ಬರಿಗೈಯಲ್ಲಿ ಮರಳುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನ್ಯಾಯ ಅವರ ಪಾಲಿಗಿರುತ್ತದೆ, ಲೆಕ್ಕ ಮಾತ್ರ ಇರುವುದಿಲ್ಲ.

ಮೊದಲು ಕಾಮಗಾರಿ ಯಾರದ್ದೆಂದು ತಿಳಿದುಕೊಳ್ಳಿ. ಲೋಕೋಪಯೋಗಿ ಇಲಾಖೆ ಅಥವಾ ಪಂಚಾಯತಿನದಾದರೆ ಕೇರಳ ಸರ್ಕಾರದ ದರ ಮತ್ತು ರಾಜ್ಯದ ಕಾರ್ಮಿಕ ಇಲಾಖೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಅಥವಾ ರೈಲ್ವೆಯದಾದರೆ ಕೇಂದ್ರದ ದರ ಮತ್ತು ಕೇಂದ್ರ ಕಾರ್ಮಿಕ ಆಯುಕ್ತರ ವ್ಯವಸ್ಥೆ. ತಲಪಾಡಿಯಿಂದ ಕಾಸರಗೋಡಿನತ್ತ ಬರುವ ದಾರಿಯಲ್ಲೇ ಹೆದ್ದಾರಿಯ ಮೋರಿ ಕಟ್ಟುವವರಿಗೆ ಒಂದು ದರ, ಪಕ್ಕದ ಪಂಚಾಯತ್ ರಸ್ತೆಗೆ ಜಲ್ಲಿ ಹಾಸುವವರಿಗೆ ಇನ್ನೊಂದು ದರ. ಪುತ್ತೂರು, ಸುಳ್ಯದಿಂದ ಬದಿಯಡ್ಕಕ್ಕೆ ಬಂದು ದುಡಿಯುವವರು ಕರ್ನಾಟಕದ ದರ ಹಿಡಿದು ವಾದಿಸಬಾರದು. ಕೆಲಸ ನಡೆದ ಸ್ಥಳವೇ ಮುಖ್ಯ.

ದರವೆಂದರೆ ಮೂಲ ಕೂಲಿ ಮತ್ತು ತುಟ್ಟಿಭತ್ಯೆ ಎರಡೂ ಸೇರಿದ ಮೊತ್ತ. ಕೇಂದ್ರದ ತುಟ್ಟಿಭತ್ಯೆ ಏಪ್ರಿಲ್ 1 ಮತ್ತು ಅಕ್ಟೋಬರ್ 1ರಂದು ಪರಿಷ್ಕರಣೆಯಾಗುವುದರಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಕೂಲಿಯನ್ನು ಬೇರೆ ಬೇರೆಯಾಗಿಯೇ ಲೆಕ್ಕ ಹಾಕಬೇಕು. ಕಲ್ಲು ಕಟ್ಟುವ ಮೇಸ್ತ್ರಿಯ ಹೆಸರಿನ ಮುಂದೆ ‘ಕೈಯಾಳು’ ಎಂದು ಬರೆದಿದ್ದರೆ ಅದನ್ನೂ ಪ್ರಶ್ನಿಸಿ, ಏಕೆಂದರೆ ಕೌಶಲಕ್ಕೆ ತಕ್ಕಂತೆ ದರ ಬದಲಾಗುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ, ಅಂದರೆ ದಿನದ ದಾಖಲೆಯಲ್ಲಿ. ಹೊಲಿದ ನೋಟ್‌ಪುಸ್ತಕದಲ್ಲಿ ಬಾಲ್‌ಪೆನ್ನಿನಿಂದ ಪ್ರತಿ ಸಂಜೆಯೂ ಒಂದು ಸಾಲು ಬರೆಯಿರಿ: ‘ಮಂಗಳವಾರ, ಬೆಳಗ್ಗೆ 8ರಿಂದ ಸಂಜೆ 7, ಊಟಕ್ಕೆ 1 ಗಂಟೆ ಬಿಡುವು, ಸ್ಲ್ಯಾಬ್ ಕಾಂಕ್ರೀಟ್, ಖರ್ಚಿಗೆ ಸಿಕ್ಕಿದ್ದು 200’. ಬಿಡಿ ಹಾಳೆ ಬೇಡ, ಪೆನ್ಸಿಲ್ ಬೇಡ. ಹಾಜರಿ ಗುರುತಿಸುವ ಮೊಬೈಲ್ ಆ್ಯಪ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಫೋನ್ ಕೆಟ್ಟರೆ ಲೆಕ್ಕವೂ ಹೋಯಿತು. ಖಾಲಿ ವೌಚರಿಗೆ ಎಷ್ಟೇ ಒತ್ತಾಯಿಸಿದರೂ ಸಹಿ ಹಾಕಬೇಡಿ.

ಈಗ ವ್ಯತ್ಯಾಸ ತೆಗೆಯಿರಿ. ಉದಾಹರಣೆಗೆ ದಿನದ ದರ 800 ರೂಪಾಯಿ ಎಂದಿಟ್ಟುಕೊಳ್ಳೋಣ. 24 ದಿನ ದುಡಿದು ದಿನಕ್ಕೆ 650ರಂತೆ ಸಿಕ್ಕಿದ್ದರೆ ಕೊರತೆ 3,600. ಆ ಪೈಕಿ 5 ದಿನ ಎರಡೆರಡು ಗಂಟೆ ಹೆಚ್ಚು ದುಡಿದಿದ್ದು ಅದಕ್ಕೆ ಏನೂ ಸಿಕ್ಕಿಲ್ಲದಿದ್ದರೆ, ಹೆಚ್ಚುವರಿ ದುಡಿಮೆಗೆ ಇಮ್ಮಡಿ ದರವಿರುವುದರಿಂದ, ಗಂಟೆಗೆ 200ರಂತೆ 10 ಗಂಟೆಗೆ 2,000. ಒಟ್ಟು ಬಾಕಿ 5,600. ವಾರದ ನಡುವೆ ಖರ್ಚಿಗೆಂದು ಪಡೆದ ಹಣವನ್ನು ‘ಸಿಕ್ಕಿದ್ದು’ ಎಂಬ ಅಂಕಣದಲ್ಲಿ ತೋರಿಸಲೇಬೇಕು. ಒಂದು ಕಡೆ ಮುಚ್ಚಿಟ್ಟರೆ ಉಳಿದ ಲೆಕ್ಕದ ಮೇಲೂ ನಂಬಿಕೆ ಹೋಗುತ್ತದೆ. ಅತ್ತ ಗುತ್ತಿಗೆದಾರರು ಪ್ರಯಾಣ ಭತ್ಯೆಯನ್ನೂ ಹೆಚ್ಚುವರಿ ಗಂಟೆಯ ಹಣವನ್ನೂ ದಿನಗೂಲಿಯೊಳಗೆ ಸೇರಿಸಿ ತೋರಿಸಿದರೆ ಒಪ್ಪಬೇಡಿ.

ಅರ್ಜಿಯಲ್ಲಿ ಗುತ್ತಿಗೆದಾರರ ಜೊತೆ ಕಾಮಗಾರಿ ಕೊಟ್ಟ ಇಲಾಖೆಯ ಹೆಸರನ್ನೂ ಬರೆಯಿರಿ. ಗುತ್ತಿಗೆದಾರ ಕೊಡದ ಕೂಲಿಯನ್ನು ಮೂಲ ಮಾಲೀಕನೇ, ಅಂದರೆ ಕಾಮಗಾರಿ ಕೊಟ್ಟ ಇಲಾಖೆಯೇ, ತೆರಬೇಕೆಂಬ ಹೊಣೆ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. 2019ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಹಲವು ಕಾರ್ಮಿಕರು ಸೇರಿ ಒಂದೇ ಅರ್ಜಿ ಕೊಡಬಹುದು, ಬಾಕಿಯ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸಬಹುದು, ಕೂಲಿ ಕೊಟ್ಟಿದ್ದೇನೆಂದು ರುಜುವಾತುಪಡಿಸುವ ಭಾರ ಮಾಲೀಕನ ಮೇಲಿರುತ್ತದೆ. ಅರ್ಜಿಗೆ ಮೂರು ವರ್ಷದ ಅವಕಾಶವಿದೆ. ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ ಆರೇ ತಿಂಗಳಿತ್ತು. ಆದರೂ ಆರು ತಿಂಗಳೊಳಗೆ ಕೊಟ್ಟುಬಿಡಿ, ಏಕೆಂದರೆ ಕಾಮಗಾರಿ ಮುಗಿದ ಮೇಲೆ ಸಾಕ್ಷಿ ಹೇಳಬೇಕಾದ ಮೇಸ್ತ್ರಿ ಯಾವ ಊರಿನಲ್ಲಿರುತ್ತಾನೋ ಹೇಳಲಾಗದು.

ಮಲಯಾಳ ಬರದೆಂದು ಮಧ್ಯವರ್ತಿಗೆ ಹಣ ಕೊಡಬೇಡಿ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿ ರಾಜ್ಯ ಸರ್ಕಾರದ ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನೂ, ಉತ್ತರವನ್ನು ಕನ್ನಡದಲ್ಲೇ ಪಡೆಯುವ ಹಕ್ಕನ್ನೂ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನೀಡಿದೆ. ಅರ್ಜಿಯ ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಂಡೇ ಹೊರಬನ್ನಿ. ಆದೇಶವಾದ ಮೇಲೂ ಹಣ ಬಾರದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಗಳ ಮೂಲಕ ವಸೂಲು ಮಾಡಿಸಲು ಅವಕಾಶವಿದೆ. ಅದಕ್ಕಾಗಿ ವಸೂಲಾತಿ ಪ್ರಮಾಣಪತ್ರ ಕಳುಹಿಸುವಂತೆ ಆದೇಶ ನೀಡಿದ ಅಧಿಕಾರಿಯನ್ನೇ ಲಿಖಿತವಾಗಿ ಕೇಳಿ.