ಮಿನ್ನೆಸೋಟದಲ್ಲಿ ಮೊದಲ ಫೋರ್‌ವೀಲರ್: ಬೇಟೆಗೂ ಕಾಡುದಾರಿಗೂ ಆಗುವಂಥದ್ದು ಯಾವುದು?

ಬೇಸಿಗೆ ಮುಗಿಯುತ್ತಿದ್ದಂತೆ ಅಮೆರಿಕದ ಈ ಮಿನ್ನೆಸೋಟ ರಾಜ್ಯಕ್ಕೆ ನಮ್ಮ ಕಡೆಯಿಂದ ಬಂದ ಹೊಸಬರು ಕೇಳುವ ಪ್ರಶ್ನೆ ಒಂದೇ: “ಅಣ್ಣಾ, ಫೋರ್‌ವೀಲರ್ ತಗೋಬೇಕು. 570 ಸಾಕಾ, 850 ಬೇಕಾ?” ಇಲ್ಲಿ ಫೋರ್‌ವೀಲರ್ ಅಂದರೆ ಕಾರಲ್ಲ, ಕಾಡುಮೇಡಿನಲ್ಲಿ ಓಡಿಸುವ ನಾಲ್ಕು ದಪ್ಪ ಚಕ್ರದ ಎಟಿವಿ. 570, 850 ಅಂದರೆ ಅದರ ಎಂಜಿನ್ನಿನ ಸಿಸಿ. ನನ್ನ ಉತ್ತರವೂ ಒಂದೇ. ಸಿಸಿ ವಿಚಾರ ಆಮೇಲೆ ನೋಡೋಣ. ಗಾಡಿಯನ್ನು ಎಲ್ಲಿ ಓಡಿಸುತ್ತೀರಿ, ಅದರ ಮೇಲೆ ಏನು ಹೇರುತ್ತೀರಿ, ಮನೆಯಿಂದ ಅಲ್ಲಿಗೆ ಹೇಗೆ ಒಯ್ಯುತ್ತೀರಿ, ಇಷ್ಟು ಮೊದಲು ಗೊತ್ತಾಗಲಿ. ಆಮೇಲೆ ಎಂಜಿನ್ ಎಷ್ಟು ದೊಡ್ಡದಿರಬೇಕು ಅನ್ನುವುದು ತಾನಾಗಿಯೇ ತೀರ್ಮಾನವಾಗುತ್ತದೆ.

ಬೇಟೆಗೆ ಅಂತಲೇ ತಗೊಳ್ಳುವವರು ಗಾಡಿಗೂ ಮುಂಚೆ ನಿಮ್ಮ ವೀಸಾ ನೋಡಿಕೊಳ್ಳಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಆದರೆ ಎಚ್-1ಬಿ (ಕೆಲಸದ್ದು), ಎಫ್-1 (ಓದಿನದ್ದು) ಥರದ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಅಮೆರಿಕದಲ್ಲಿ ಪಡೆದ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ ಇದೆ. ಹಾಗಾಗಿ ಲೈಸೆನ್ಸ್ ಬರುವ ಮುಂಚೆ ಗೆಳೆಯರ ಕೋವಿ ಹಿಡಿದು ಗುರಿ ಅಭ್ಯಾಸಕ್ಕೂ ನಿಲ್ಲಬೇಡಿ. ವಲಸೆ ವಕೀಲರ ಹತ್ತಿರ ಒಮ್ಮೆ ಕೇಳಿಕೊಂಡೇ ಮುಂದುವರಿಯಿರಿ. ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಿರುವ ನಾವು ಒಂದು ವಾರಾಂತ್ಯಕ್ಕಾಗಿ ಅದನ್ನು ಪಣಕ್ಕಿಡುವುದು ಬೇಡ.

ಕೊಡಗಿನಿಂದ ಬಂದವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡುತ್ತಾರೆ, ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿಯೂ ಇದೆ. ಆ ಯಾವ ಹಕ್ಕೂ ಇಲ್ಲಿಗೆ ಬರುವುದಿಲ್ಲ. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಬೇಟೆಯೇ ಅಪರಾಧ. ಇಲ್ಲಿ ಹಾಗಲ್ಲ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯೇ ಲೈಸೆನ್ಸ್ ಕೊಟ್ಟು ಜಿಂಕೆಗಳ ಸಂಖ್ಯೆಯನ್ನು ಹತೋಟಿಯಲ್ಲಿ ಇಡುತ್ತದೆ. ಎಲ್ಲರೂ ಇಲ್ಲಿ ಅದನ್ನು ಡಿಎನ್‌ಆರ್ ಅಂತಲೇ ಕರೆಯುತ್ತಾರೆ. ನಮ್ಮಲ್ಲಿ ಬೇಟೆ ಬೇಡ ಅನ್ನುವವರೇ ಜಾಸ್ತಿ ಇದ್ದಾರೆ. ಅಂಥವರು ಕೋವಿಯ ಮಾತು ಬಿಟ್ಟು ಉಳಿದದ್ದನ್ನು ಓದಿಕೊಳ್ಳಿ. ಕಾಡುದಾರಿಯ ಸವಾರಿಗೂ ಇದೇ ಲೆಕ್ಕಾಚಾರ.

ಕಾಗದಪತ್ರದ್ದು ಇನ್ನೆರಡು ತಾರೀಕು ನೆನಪಿರಲಿ. 1979ರ ಡಿಸೆಂಬರ್ 31ರ ನಂತರ ಹುಟ್ಟಿದವರು ಕೋವಿ ಸುರಕ್ಷತಾ ತರಬೇತಿ ಮುಗಿಸಿದರೆ ಮಾತ್ರ ಮಾಮೂಲಿ ಬೇಟೆ ಲೈಸೆನ್ಸ್ ಸಿಗುತ್ತದೆ. 1987ರ ಜುಲೈ 1ರ ನಂತರ ಹುಟ್ಟಿ 16 ವರ್ಷ ದಾಟಿದವರು ಸಾರ್ವಜನಿಕ ಜಾಗದಲ್ಲಿ ಎಟಿವಿ ಓಡಿಸಬೇಕಾದರೆ ಎಟಿವಿ ಸುರಕ್ಷತಾ ತರಬೇತಿ ಬೇರೆಯೇ ಆಗಬೇಕು. ಹೊಸದಾಗಿ ಬರುವ ಹುಡುಗರಿಗೆ ಹೆಚ್ಚಾಗಿ ಎರಡೂ ಅನ್ವಯ. ಗಾಡಿಯನ್ನು ಡಿಎನ್‌ಆರ್‌ನಲ್ಲಿ ನೋಂದಾಯಿಸಬೇಕು. ಸಾರ್ವಜನಿಕ ಬಳಕೆಯ ನೋಂದಣಿಯ ಅವಧಿ 3 ವರ್ಷ.

ಈಗ ಗಾಡಿ. ಮೊದಲು ಅಗಲ ನೋಡಿ. ಮಿನ್ನೆಸೋಟದಲ್ಲಿ 50 ಇಂಚು ಅಥವಾ ಅದಕ್ಕಿಂತ ಕಮ್ಮಿ ಅಗಲದ್ದು ಮೊದಲ ದರ್ಜೆ, ಅದಕ್ಕೆ ಮೇಲ್ಪಟ್ಟು 65 ಇಂಚಿನವರೆಗೆ ಎರಡನೇ ದರ್ಜೆ. ಅಕ್ಕಪಕ್ಕ ಇಬ್ಬರು ಕೂರುವ, ಸ್ಟೀರಿಂಗ್ ಚಕ್ರ ಇರುವ ದೊಡ್ಡ ಗಾಡಿಗಳು ಬಹುತೇಕ ಎರಡನೇ ದರ್ಜೆಗೆ ಬರುತ್ತವೆ. ಮನೆಮಂದಿಗೆ ಅವು ಆರಾಮ, ಒಪ್ಪುತ್ತೇನೆ. ಆದರೆ ಉತ್ತರದ ಕಾಡಿನ ಎಷ್ಟೋ ಟ್ರೇಲ್‌ಗಳು ಮೊದಲ ದರ್ಜೆಗೆ ಮಾತ್ರ ತೆರೆದಿರುತ್ತವೆ. ಮರಗಳ ನಡುವಿನ ಸಂದಿಯಲ್ಲಿ, ಜೌಗಿನ ಪಕ್ಕದ ಸಣ್ಣ ದಾರಿಯಲ್ಲಿ ನುಗ್ಗುವುದು ಹ್ಯಾಂಡಲ್ ಇರುವ, ಕಾಲು ಹಾಕಿ ಕೂರುವ ಎಟಿವಿಯೇ. ಬೇಟೆಗೂ ಸವಾರಿಗೂ ಒಂದೇ ಗಾಡಿ ಬೇಕು ಅನ್ನುವವರಿಗೆ ನನ್ನ ಸಲಹೆ ಇದೇ.

ಎಲ್ಲಿ ಓಡಿಸಬಹುದು ಅನ್ನುವುದನ್ನೂ ತಗೊಳ್ಳುವ ಮುಂಚೆಯೇ ನಕ್ಷೆಯಲ್ಲಿ ನೋಡಿ. ರಾಜ್ಯದ ಅರಣ್ಯಗಳನ್ನು ಎಟಿವಿ ಮಟ್ಟಿಗೆ ಮೂರು ಬಗೆ ಮಾಡಿದ್ದಾರೆ. ಕೆಲವು ಹೆಚ್ಚುಕಮ್ಮಿ ಮುಕ್ತ, ಕೆಲವದರಲ್ಲಿ ಫಲಕ ಹಾಕಿದ ದಾರಿಯಲ್ಲಿ ಮಾತ್ರ, ಕೆಲವು ಪೂರ್ತಿ ಬಂದ್. ಈಲಿ ಪಟ್ಟಣದ ಆಚೆಯ ಬೌಂಡರಿ ವಾಟರ್ಸ್ ಕಾಡಿನೊಳಗೆ ಎಟಿವಿಗೆ ಪ್ರವೇಶವೇ ಇಲ್ಲ. ಅಭ್ಯಾಸಕ್ಕೆ ನಾನು ಎಲ್ಲರಿಗೂ ಹೇಳುವ ಜಾಗ ಗಿಲ್ಬರ್ಟ್ ಊರಿನ ಹತ್ತಿರದ ಐರನ್ ರೇಂಜ್ ವಾಹನ ಉದ್ಯಾನ. ಹಳೆಯ ಕಬ್ಬಿಣದ ಗಣಿ ಪ್ರದೇಶವನ್ನು 2002ರಲ್ಲಿ ಇದಕ್ಕೆಂದೇ ತೆರೆದರು. ಸುಲಭದ ದಾರಿಯಿಂದ ಹಿಡಿದು ಕಡಿದಾದ ಬಂಡೆ ಏರಿನವರೆಗೆ ಎಲ್ಲವೂ ಅಲ್ಲಿದೆ. ಅದಿರಿನ ಕೆಂಪು ಧೂಳು ಬಟ್ಟೆಗೆಲ್ಲ ಮೆತ್ತುತ್ತದೆ. ಹೊಸಪೇಟೆ, ಸಂಡೂರಿನ ಕಡೆಯವರಿಗೆ ಆ ಬಣ್ಣ ಪರಿಚಯದ್ದೇ.

ಇನ್ನು ಹೊರೆ. ಬೇಟೆಗೆ ಹೋಗುವವರು ಅತಿ ಮುಖ್ಯವಾಗಿ ನೋಡಬೇಕಾದ್ದು ಇದು. ಡೀಲರ್ ಮಾತ್ರ ಇದನ್ನು ಕೊನೆಯಲ್ಲಿ ಹೇಳುತ್ತಾನೆ. ಇಲ್ಲಿನ ಬಿಳಿಬಾಲದ ಗಂಡು ಜಿಂಕೆ ದೊಡ್ಡದಾಗಿದ್ದರೆ, ಕರುಳು ಎಲ್ಲ ತೆಗೆದ ಮೇಲೂ 150 ಪೌಂಡ್ ದಾಟಬಹುದು. ಹೋಂಡಾ ರಾಂಚರ್ 420 ಒಳ್ಳೆಯ ಗಾಡಿ, ಹಗುರ, ಬಾಳಿಕೆಯದ್ದು. ಆದರೆ ಅದರ ಹಿಂದಿನ ರ‍್ಯಾಕ್ ಮೇಲೆ 133 ಪೌಂಡ್‌ಗಿಂತ ಜಾಸ್ತಿ ಹೇರಬಾರದು. ಅದೇ ಕಂಪನಿಯ ಫೋರ್‌ಮನ್ 520ರ ಹಿಂದಿನ ರ‍್ಯಾಕ್ 187 ಪೌಂಡ್ ಹೊರುತ್ತದೆ, ಪೊಲಾರಿಸ್ ಸ್ಪೋರ್ಟ್ಸ್‌ಮನ್ 570ರದ್ದು 180. ನೋಡಿ, ಇಲ್ಲಿಗೇ ಅರ್ಧ ತೀರ್ಮಾನ ಆಯಿತು ಅಲ್ವಾ? ಸಿಸಿ ಕೇಳುವ ಬದಲು ಜಿಂಕೆಯ ತೂಕ ಕೇಳಿದ್ದರಿಂದ ಉತ್ತರ ಬೇಗ ಸಿಕ್ಕಿತು. 450ರಿಂದ 570 ಸಿಸಿ ನಡುವಿನದ್ದು ಇಬ್ಬಗೆಯ ಕೆಲಸಕ್ಕೂ ಸಾಕು. 850, 1000 ಎಲ್ಲ ವೇಗಕ್ಕೆ. ತೂಕವೂ ಜಾಸ್ತಿ. ಕೆಸರಲ್ಲಿ ಹೂತರೆ ಎಳೆಯುವವರು ನೀವೇ.

ರ‍್ಯಾಕ್ ಹೊರುತ್ತದೆ ಅಂದ ಮಾತ್ರಕ್ಕೆ ಅಷ್ಟನ್ನೂ ಮೇಲೇ ಕಟ್ಟಬೇಡಿ. ಎತ್ತರದಲ್ಲಿ ಭಾರ ಕೂತರೆ ಇಳಿಜಾರಿನಲ್ಲಿ ಗಾಡಿ ಮಗುಚುವುದು ಸುಲಭ. ಹಿಂದೆ ಒಂದು ತಗ್ಗಾದ ಪುಟ್ಟ ಗಾಡಿಯನ್ನೋ, ಜಾರುವ ಪ್ಲಾಸ್ಟಿಕ್ ಸ್ಲೆಡ್ಡನ್ನೋ ಕಟ್ಟಿ ಎಳೆಯುವುದು ಲೇಸು.

ಗೇರಿನ ವಿಚಾರಕ್ಕೆ ಬಂದರೆ ಇಲ್ಲಿ ಎರಡು ಪಕ್ಷ. ಪೊಲಾರಿಸ್, ಕ್ಯಾನ್-ಆಮ್, ಯಮಹಾ ಎಟಿವಿಗಳಲ್ಲಿ ಹೆಚ್ಚಾಗಿ ಬೆಲ್ಟ್ ಇರುತ್ತದೆ, ನಮ್ಮ ಊರಿನ ಆಕ್ಟಿವಾದಲ್ಲಿ ಇರುವ ಹಾಗೆ. ಓಡಿಸಲು ಸಲೀಸು. ಆದರೆ ಒಳಗೆ ನೀರು ಹೋದರೆ ಬೆಲ್ಟ್ ಜಾರುತ್ತದೆ, ಭಾರ ಎಳೆಯುವಾಗ ಲೋ ಗೇರ್ ಹಾಕದಿದ್ದರೆ ಬಿಸಿಯಾಗಿ ಸುಡುತ್ತದೆ. ಹೋಂಡಾದ ರಾಂಚರ್, ಫೋರ್‌ಮನ್‌ಗಳಲ್ಲಿ ಬೆಲ್ಟೇ ಇಲ್ಲ, ಬೈಕಿನ ಥರ ನಿಜವಾದ ಗೇರು. ಕಾಡಿನ ನಡುವೆ, ಫೋನ್ ಸಿಗದ ಕಡೆ ನಾನು ಗೇರನ್ನೇ ನಂಬುವವನು. ಇನ್ನೊಂದು ಕಡೆ, ಪೊಲಾರಿಸ್ ಹುಟ್ಟಿದ್ದೇ ಈ ರಾಜ್ಯದ ರೋಸೋ ಪಟ್ಟಣದಲ್ಲಿ, 1954ರಲ್ಲಿ. ಹಾಗಾಗಿ ಚಿಕ್ಕ ಊರುಗಳಲ್ಲೂ ಅದರ ಬಿಡಿಭಾಗ, ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಸಿಗುತ್ತಾರೆ. ಇದೂ ಸಣ್ಣ ಮಾತಲ್ಲ.

ಹಿಂದಿನ ಚಕ್ರಗಳು ಒಂದೇ ಗಟ್ಟಿ ಆಕ್ಸಲ್ ಮೇಲೆ ಇವೆಯೋ, ಒಂದೊಂದೂ ಬೇರೆ ಬೇರೆ ಕುಣಿಯುತ್ತವೆಯೋ ಬಗ್ಗಿ ನೋಡಿ. ಗಟ್ಟಿ ಆಕ್ಸಲ್ ಭಾರ ಹೇರಿದಾಗ ಅಲುಗಾಡದೆ ನಿಲ್ಲುತ್ತದೆ, ರಿಪೇರಿಯೂ ಕಮ್ಮಿ. ಆದರೆ ಇಡೀ ದಿನ ಬಂಡೆಕಲ್ಲಿನ ದಾರಿ ಸವೆಸಿದರೆ ಸೊಂಟ ಹೇಳುತ್ತದೆ. ಹೋಂಡಾದ ಫೋರ್‌ಮನ್ ಮತ್ತು ರುಬಿಕಾನ್ ಎರಡರಲ್ಲೂ ಎಂಜಿನ್ ಒಂದೇ. ಮುಖ್ಯ ವ್ಯತ್ಯಾಸ ಈ ಹಿಂಬದಿಯಲ್ಲೇ ಇದೆ: ಫೋರ್‌ಮನ್‌ದು ಗಟ್ಟಿ ಆಕ್ಸಲ್, ರುಬಿಕಾನ್‌ದು ಬೇರೆ ಬೇರೆ ಕುಣಿಯುವುದು. ವರ್ಷಕ್ಕೊಮ್ಮೆ ಬೇಟೆ, ಉಳಿದ ವಾರಾಂತ್ಯಗಳಲ್ಲಿ ಸವಾರಿ ಅನ್ನುವವರು ಬೇರೆ ಬೇರೆ ಕುಣಿಯುವುದನ್ನೇ ತಗೊಳ್ಳಿ. ಜೊತೆಗೆ ಪವರ್ ಸ್ಟೀರಿಂಗ್ ಇರಲಿ. ಅದಕ್ಕೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಕಾರ್ಬುರೇಟರ್ ಇರುವ ಹಳೆಯ ಗಾಡಿ ಅಗ್ಗಕ್ಕೆ ಸಿಕ್ಕರೂ ಬೇಡ. ನವೆಂಬರ್ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಒಯ್ಯುವುದು ಹೇಗೆ? ಪಿಕಪ್ ಟ್ರಕ್ ಇಲ್ಲವಲ್ಲ ಅಂತ ಎಷ್ಟೋ ಜನ ಆಸೆಯನ್ನೇ ಬಿಡುತ್ತಾರೆ. ನಮ್ಮವರ ಮನೆ ಮುಂದೆ ನಿಂತಿರುವ ಸಿಯೆನ್ನಾ, ಒಡಿಸ್ಸಿ ಮಿನಿವ್ಯಾನ್‌ಗಳೇ ಸಾಕು. ಟ್ರೇಲರ್ ಸಿಕ್ಕಿಸುವ ಸರಿಯಾದ ಕೊಂಡಿ (ಹಿಚ್) ಮತ್ತು ದೀಪದ ವೈರಿಂಗ್ ಹಾಕಿಸಿದರೆ ಮಾಡೆಲ್ ನೋಡಿಕೊಂಡು 3,000ದಿಂದ 3,500 ಪೌಂಡ್ ಎಳೆಯುತ್ತವೆ. ನಿಮ್ಮ ಗಾಡಿಯ ಮಿತಿ ಅದರ ಕೈಪಿಡಿಯಲ್ಲೇ ಇರುತ್ತದೆ. ಎಟಿವಿ ಸುಮಾರು 700 ಪೌಂಡ್, ಚಿಕ್ಕ ಟ್ರೇಲರ್ ಸೇರಿಸಿದರೂ ಮಿತಿಯೊಳಗೇ ಉಳಿಯುತ್ತದೆ. ಟ್ವಿನ್ ಸಿಟೀಸಿಂದ (ಮಿನ್ನಿಯಾಪೊಲಿಸ್, ಸೇಂಟ್ ಪಾಲ್ ಕಡೆಯಿಂದ) ಗಿಲ್ಬರ್ಟ್‌ಗೆ ಮೂರು ಗಂಟೆಗೂ ಜಾಸ್ತಿ ದಾರಿ. ಹಿಂದೆ ಟ್ರೇಲರ್ ಇರುವಾಗ ಬ್ರೇಕ್ ಹಿಡಿಯಲು ಹೆಚ್ಚು ದೂರ ಬೇಕು, ಮುಂದಿನ ಗಾಡಿಯಿಂದ ದೂರ ಇರಿ.

ಹಳೆಯದು ಕೊಳ್ಳುವವರು ಎಂಜಿನ್ ಆಯಿಲ್ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ ಎಂದರ್ಥ, ಅಲ್ಲಿಂದ ಎದ್ದು ಬನ್ನಿ. ಚಕ್ರದ ಬಳಿ ಆಕ್ಸಲ್ ಕೀಲನ್ನು ಮುಚ್ಚುವ ರಬ್ಬರ್ ಹೊದಿಕೆ (ಬೂಟು) ಹರಿದಿದೆಯಾ ನೋಡಿ. ಚಕ್ರ ಹಿಡಿದು ಅಲ್ಲಾಡಿಸಿ, ಸಡಿಲ ಇರಬಾರದು. ಮಾರುವವರು ನೀವು ಹೋಗುವ ಮುಂಚೆಯೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ತಣ್ಣಗಾಗಲು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿಸಿ. ನೋಂದಣಿ ಕಾರ್ಡಿನ ಹೆಸರೂ ಮಾರುವವರ ಹೆಸರೂ ಒಂದೇ ಇರಬೇಕು, ಫ್ರೇಮಿನ ನಂಬರ್ ತಾಳೆಯಾಗಬೇಕು.

ಮಕ್ಕಳ ವಿಚಾರದಲ್ಲಿ ದಯವಿಟ್ಟು ಗಟ್ಟಿಯಾಗಿರಿ. ಒಂದು ಸೀಟಿನ ಎಟಿವಿಯಲ್ಲಿ ಮುಂದೆ ಮಗುವನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಯುವುದು ಬೇಡವೇ ಬೇಡ. ತಿರುವಿನಲ್ಲಿ ಸವಾರ ತನ್ನ ಮೈಯನ್ನು ಆ ಕಡೆ ಈ ಕಡೆ ಸರಿಸಿದರೇ ಗಾಡಿ ಸಮತೋಲನದಲ್ಲಿರುವುದು. ಮುಂದೆ ಮಗು ಇದ್ದರೆ ಅದು ಆಗುವುದಿಲ್ಲ. ಇಬ್ಬರು ಹೋಗಬೇಕಾದರೆ ಇಬ್ಬರಿಗೆಂದೇ ಮಾಡಿದ ಉದ್ದನೆಯ ಮಾಡೆಲ್‌ಗಳಿವೆ. ದೊಡ್ಡವರ ಗಾಡಿಯ ಮೇಲೆ 16 ವರ್ಷದ ಕೆಳಗಿನವರಿಗೆ ಬೇಡ ಎಂದು ಕಂಪನಿಯೇ ಚೀಟಿ ಅಂಟಿಸಿರುತ್ತದೆ. ಹೆಲ್ಮೆಟ್ ಕಾನೂನಿನ ಪ್ರಕಾರ 18ರ ಕೆಳಗಿನವರಿಗೆ ಕಡ್ಡಾಯ. ನನ್ನ ಜೊತೆ ಬರುವ ಎಲ್ಲರಿಗೂ ಕಡ್ಡಾಯ.

ಟೈರಿನ ಗಾಳಿ ಕಾರಿನಂತೆ 30, 32 ಅಲ್ಲ. ಎಟಿವಿಗೆ ಹೆಚ್ಚಾಗಿ 5ರಿಂದ 7 ಪಿಎಸ್‌ಐ ಮಾತ್ರ. ಅಷ್ಟು ಕಮ್ಮಿ ಅಳೆಯುವ ಗೇಜ್ ಬೇರೆ ಸಿಗುತ್ತದೆ, ತಗೊಂಡಿಡಿ. ಮುಂದೆ ಒಂದು ವಿಂಚ್ ಹಾಕಿಸಿ, ಅಂದರೆ ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆದುಕೊಳ್ಳುವ ಮೋಟಾರು ರಾಟೆ. ಜೌಗು ಇರುವ ಈ ರಾಜ್ಯದಲ್ಲಿ ಅದು ಅಲಂಕಾರವಲ್ಲ. ಅದೇ ವಿಂಚಿಗೆ ಹಿಮ ತಳ್ಳುವ ಹಲಗೆ ಕಟ್ಟಿದರೆ ಚಳಿಗಾಲದಲ್ಲಿ ಮನೆ ಮುಂದಿನ ದಾರಿಯೂ ಚೊಕ್ಕಟ. ಮನೆಯಲ್ಲಿ ಒಪ್ಪಿಸಲು ಇದಕ್ಕಿಂತ ಒಳ್ಳೆಯ ಕಾರಣ ಸಿಗಲಿಕ್ಕಿಲ್ಲ.

ಜಿಂಕೆ ಬೇಟೆ ದಿನಗಳ ನಿಯಮ ಬೇರೆ. ಕೋವಿ ಬೇಟೆಯ ಋತುವಿನಲ್ಲಿ, ಗುಂಡು ಹಾರಿಸಲು ಅನುಮತಿ ಇರುವ ಹೊತ್ತಿನಲ್ಲಿ, ಲೈಸೆನ್ಸ್ ಇರುವ ಬೇಟೆಗಾರರು ಸಾರ್ವಜನಿಕ ಕಾಡಿನಲ್ಲಿ ಬೆಳಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ ಮಾತ್ರ ಎಟಿವಿ ಓಡಿಸಬಹುದು. ಬೆಳಕು ಹರಿಯುವ ಮುಂಚೆ ಹೋಗಿ ಗಾಡಿ ನಿಲ್ಲಿಸಿ, ಅಲ್ಲಿಂದ ನಡೆದು ಹೋಗಿ ಕೂರಬೇಕು. ಗಾಡಿಯ ಕೆಲಸ ನಿಮ್ಮನ್ನು ಮುಟ್ಟಿಸುವುದು, ಆಮೇಲೆ ಹೊರೆ ತರುವುದು, ಅಷ್ಟೇ. ಗಾಡಿಯ ಮೇಲಿಂದ ಗುಂಡು ಹಾರಿಸುವಂತಿಲ್ಲ. ಗಾಡಿ ಹತ್ತುವ ಮುಂಚೆ ಕೋವಿ ಖಾಲಿ ಮಾಡಿ ಕೇಸಿಗೆ ಹಾಕಿ. ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಟೋಪಿ, ಮೇಲಂಗಿ ಇಲ್ಲದೆ ಆ ದಿನಗಳಲ್ಲಿ ಕಾಡಿಗೆ ಕಾಲಿಡಬೇಡಿ. ಇತರರ ಜಮೀನಿಗೆ ಕೇಳದೆ ನುಗ್ಗಬೇಡಿ.

ಋತು ಶುರುವಾಗುವುದು ನವೆಂಬರ್ ಮೊದಲ ವಾರದ ಆಸುಪಾಸು. ಅಷ್ಟರೊಳಗೆ ಎರಡೂ ತರಬೇತಿ ಮುಗಿಯಬೇಕು. ಹಾಗಾಗಿ ಬೇಸಿಗೆಯಲ್ಲೇ ತರಗತಿಗೆ ಹೆಸರು ಕೊಡಿ. ಗಾಡಿ ಸೆಪ್ಟೆಂಬರ್ ಒಳಗೆ ಮನೆಗೆ ಬಂದರೆ, ಎಲೆ ಉದುರುವ ಮುಂಚೆ ಗಿಲ್ಬರ್ಟ್‌ನಲ್ಲಿ ಓಡಿಸಿ ಕೈ ಕುದುರಿಸಿಕೊಳ್ಳಲು ಸಮಯ ಸಿಗುತ್ತದೆ.