ಕೊಯ್ದ ಗದ್ದೆಯಲ್ಲಿ ಡೇರೆ: ನಾಗರಹೊಳೆಯ ಅಂಚಿನಿಂದ ನನ್ನ ಅನುಭವ

ಸುಗ್ಗಿಹಬ್ಬ ಪುತ್ತರಿ ಕಳೆದು ಭತ್ತ ಮನೆ ಸೇರಿದ ಮೇಲೆ ದಕ್ಷಿಣ ಕೊಡಗಿನ ಗದ್ದೆಗಳು ಜೂನ್ ತಿಂಗಳ ಉಳುಮೆಯವರೆಗೆ ಖಾಲಿ ಬಿದ್ದಿರುತ್ತವೆ. ಆ ಗದ್ದೆಯ ಮೇಲೆ ಜನವರಿಯಿಂದ ಮೇ ಮಧ್ಯದವರೆಗೆ ಡೇರೆ ಹಾಕಿ, ಮಕ್ಕಳು ಮರಿಗಳೊಂದಿಗೆ ಬರುವ ಕುಟುಂಬಗಳನ್ನು ಉಳಿಸಿಕೊಳ್ಳಬಹುದು, ಮಳೆಗಾಲದಲ್ಲಿ ಅದೇ ಗದ್ದೆಯಲ್ಲಿ ನಾಟಿಯನ್ನೂ ಮಾಡಬಹುದು ಎಂದು ನಾನು ಹೇಳತೊಡಗಿದಾಗ ಕುಟ್ಟ, ಶ್ರೀಮಂಗಲ ಕಡೆಯ ಬೆಳೆಗಾರ ಮಿತ್ರರಲ್ಲಿ ಒಬ್ಬರೂ ಒಪ್ಪಲಿಲ್ಲ. ಗದ್ದೆಯೆಂದರೆ ಚಳಿ, ಗದ್ದೆಯೆಂದರೆ ಆನೆಯ ದಾರಿ ಎಂಬುದು ಅವರ ವಾದವಾಗಿತ್ತು. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಬಳಿ ಡೇರೆಯಲ್ಲಿ ತಂಗಿದ್ದ ಮಹಿಳೆಯೊಬ್ಬರು ಆನೆ ದಾಳಿಗೆ ಬಲಿಯಾದ ಸುದ್ದಿಯನ್ನು ನನಗೆ ನೆನಪಿಸದವರಿಲ್ಲ. ಕಾಫಿಗೆ ಎಂದೂ ಕಾಣದ ಬೆಲೆ ಬಂದಿರುವಾಗ ಬಟ್ಟೆಯ ಮನೆ ಕಟ್ಟುವ ಕರ್ಮ ಯಾಕೆ ಎಂದವರೂ ಇದ್ದರು. ಅವರಲ್ಲೇ ಕೆಲವರು ಈಗ ನಮ್ಮ ಬದುವಿನ ಮೇಲೆ ನಿಂತು ಅಳತೆ ಹಿಡಿದುಕೊಂಡು ಹೋಗುತ್ತಿರುವುದರಿಂದ ನಡೆದದ್ದನ್ನು ನಾನೇ ಬರೆದಿಡುವುದು ಒಳ್ಳೆಯದೆನಿಸಿತು. ಹೋಂಸ್ಟೇ ನೋಂದಣಿ, ಅತಿಥಿಗಳ ದಾಖಲೆ ಪುಸ್ತಕ, ಡೇರೆ ಕಟ್ಟುವ ಕ್ರಮ ಇವುಗಳನ್ನು ಬಲ್ಲವರಿಗಾಗಿಯೇ ಇದನ್ನು ಬರೆದಿದ್ದೇನೆ.

ಗದ್ದೆಗೆ ಇಳಿಯುವ ಮೊದಲು ಎರಡು ಕಡೆ ಪ್ರಯತ್ನ ನಡೆದಿತ್ತು. ಮೊದಲನೆಯದು ಕಾಫಿ ತೋಟದೊಳಗೆ, ನೆರಳಿನ ಮರಗಳ ಕೆಳಗೆ. ಚಿತ್ರದಲ್ಲಿ ಅದಕ್ಕಿಂತ ಚಂದದ ಜಾಗವಿಲ್ಲ, ಆದರೆ ಹಾಲವಾಣದ ಕೊಂಬೆ ಯಾವಾಗ ಮುರಿಯುತ್ತದೆ ಎಂದು ಮರಕ್ಕೂ ಗೊತ್ತಿರುವುದಿಲ್ಲ. ಗಾಳಿಯೇ ಇಲ್ಲದ ಒಂದು ಮಧ್ಯಾಹ್ನ ತೊಡೆಗಾತ್ರದ ಕೊಂಬೆಯೊಂದು ಖಾಲಿ ಡೇರೆಯ ಮೇಲೆ ಬಿದ್ದು ಅದರ ಕಂಬಿಗಳನ್ನೆಲ್ಲ ಮುರಿದು ಹಾಕಿತು. ಒಳಗೆ ಯಾರೂ ಇರಲಿಲ್ಲ. ಆದರೆ ಅಂದಿನಿಂದ ಮರದ ಕೆಳಗೆ ಡೇರೆ ಎಂಬ ಮಾತು ನಮ್ಮ ಮನೆಯಲ್ಲಿ ಮುಗಿಯಿತು. ಅದೂ ಅಲ್ಲದೆ ರೊಬಸ್ಟಾ ಕೊಯ್ಲು ನಡೆಯುವುದು ಅದೇ ತಿಂಗಳುಗಳಲ್ಲಿ. ಬೆಳಿಗ್ಗೆ ಏಳೂವರೆಗೆ ಕೆಲಸದವರು ಚೀಲ ಹಿಡಿದು ಬರುವಾಗ ಅತಿಥಿಗಳು ಹಲ್ಲುಜ್ಜುತ್ತ ಗಿಡಗಳ ನಡುವೆ ನಿಂತಿದ್ದರೆ ಇಬ್ಬರಿಗೂ ಮುಜುಗರ. ಎರಡನೆಯದು ಕಾಫಿ ಒಣಗಿಸುವ ಕಣ. ಸಿಮೆಂಟು ನೆಲ, ಸಮತಟ್ಟು, ಹಗಲಿನ ಬಿಸಿಲನ್ನು ರಾತ್ರಿ ಹತ್ತರವರೆಗೂ ಹಿಡಿದಿಟ್ಟುಕೊಳ್ಳುವ ಜಾಗ. ಆದರೆ ಪ್ರವಾಸಿಗಳು ಬರುವ ಕಾಲಕ್ಕೇ ಕೊಯ್ದ ಕಾಫಿ ಹಣ್ಣಾದ ಚೆರ್ರಿಯೂ ಕಣಕ್ಕೆ ಬರುತ್ತದೆ. ಅರ್ಧ ಕಣ ಕಾಫಿಗೆ, ಅರ್ಧ ಡೇರೆಗೆ ಎಂದು ಹಂಚಿದ ವರ್ಷ ಕಾಫಿ ರಾಶಿಯನ್ನು ಮಕ್ಕಳು ಮರಳಿನಂತೆ ತುಳಿದಾಡಿದರು, ಒಣಗುವಿಕೆ ಕೆಟ್ಟು ಬೂಸ್ಟು ಬಂದು ಬೆಲೆಯಲ್ಲಿ ಮೂವತ್ತು ನಲವತ್ತು ಸಾವಿರ ಕೈಬಿಟ್ಟಿತು.

ಉಳಿದದ್ದು ಗದ್ದೆ. ಅಲ್ಲಿ ಮೇಲಿನಿಂದ ಬೀಳುವಂಥದ್ದೇನೂ ಇಲ್ಲ, ನಾಲ್ಕೂ ಕಡೆ ಕಣ್ಣು ಹಾಯುತ್ತದೆ. ಭತ್ತ ಹಾಲುತುಂಬುವ ಕಾಲದಲ್ಲಿ ಬಿಡದೆ ಬರುವ ಆನೆಗೆ ಕೊಯ್ಲಾದ ಮೇಲೆ ಅಲ್ಲಿ ತಿನ್ನಲು ಏನೂ ಇರುವುದಿಲ್ಲ ಎಂಬುದೇ ನನ್ನ ಲೆಕ್ಕಾಚಾರದ ತಿರುಳು. ಗದ್ದೆಯ ಆದಾಯ ಎಷ್ಟೆಂಬುದೂ ನಮಗೆಲ್ಲ ಗೊತ್ತು. ಎಕರೆಗೆ ಹದಿನೆಂಟು ಇಪ್ಪತ್ತು ಕ್ವಿಂಟಾಲ್ ಬಂದು, ಕ್ವಿಂಟಾಲಿಗೆ 2025-26ರ ಬೆಂಬಲ ಬೆಲೆಯಾದ 2,369 ರೂಪಾಯಿ ಪೂರ್ತಿ ಸಿಕ್ಕಿದರೂ ಉಳುಮೆ, ನಾಟಿ, ಕೊಯ್ಲು, ರಾತ್ರಿ ಕಾವಲು ಕಳೆದು ಕೈಯಲ್ಲಿ ನಿಲ್ಲುವುದು ಎಂಟು ಹತ್ತು ಸಾವಿರ. ಅದಕ್ಕಾಗಿಯೇ ನಮ್ಮ ಸುತ್ತ ಎಷ್ಟೋ ಗದ್ದೆಗಳು ಹುಲ್ಲು ಬೆಳೆದು ಹಾಳುಬಿದ್ದಿವೆ.

ಮೊದಲ ಜನವರಿ ಚೆನ್ನಾಗಿಯೇ ಬುದ್ಧಿ ಕಲಿಸಿತು. ತಗ್ಗಿನ ಗದ್ದೆಗೆ ಬಾಣೆಯ, ಅಂದರೆ ಗದ್ದೆಯ ಮೇಲಿನ ಎತ್ತರದ ಜಮೀನಿನ, ತಣ್ಣನೆಯ ಗಾಳಿಯೆಲ್ಲ ಇಳಿದು ಬಂದು ನಿಲ್ಲುತ್ತದೆ. ಮನೆಯ ಜಗುಲಿಯಲ್ಲಿ ಹದಿನಾಲ್ಕು ಡಿಗ್ರಿ ತೋರಿಸುವ ತಾಪಮಾಪಕ ಅಲ್ಲಿ ಹತ್ತಕ್ಕೆ ಇಳಿಯುತ್ತಿತ್ತು. ಬೆಳಗಿನ ನಾಲ್ಕು ಗಂಟೆಯ ಹೊತ್ತಿಗೆ ಇಬ್ಬನಿಯಿಂದ ಡೇರೆಯ ಒಳಮೈಯೇ ತೊಟ್ಟಿಕ್ಕುತ್ತಿತ್ತು. ಕೊಯ್ದ ಭತ್ತದ ಕೂಳೆಯ ಮೊನೆ ತಳದ ಹಾಳೆಯನ್ನು ಚುಚ್ಚಿ ತೂತು ಮಾಡಿತು, ಒಣಗಿ ಬಿರಿದ ಜೇಡಿಮಣ್ಣಿನಲ್ಲಿ ಗೂಟ ಒಂದು ಕಡೆ ಇಳಿಯದು, ಇನ್ನೊಂದು ಕಡೆ ನಿಲ್ಲದು. ಬೆಂಗಳೂರಿನಿಂದ ಬಂದ ಒಂದು ಕುಟುಂಬ ಮಧ್ಯರಾತ್ರಿಯಲ್ಲಿ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದು ಮಲಗಿತು. ಅವರ ಹಣವನ್ನೆಲ್ಲ ಹಿಂದಿರುಗಿಸಿದೆ. ಆ ಋತುವಿನಲ್ಲಿ ನಷ್ಟ ಎಪ್ಪತ್ತು ಸಾವಿರಕ್ಕೆ ಕಡಿಮೆಯಿರಲಿಲ್ಲ.

ಚಳಿಗೆ ಮೊದಲ ಉತ್ತರ ಜಾಗ ಬದಲಿಸುವುದು. ತೋಡಿನ (ಹಳ್ಳದ) ಪಕ್ಕದ ಕೆಳಗಿನ ಗದ್ದೆಗಳನ್ನು ಬಿಟ್ಟು, ಬಾಣೆಯ ಅಂಚಿಗೆ ತಾಗಿದ ಮೇಲಿನ ಮೂರು ಮಡಿಗಳಿಗೆ (ಗದ್ದೆಯ ತುಂಡುಗಳಿಗೆ) ಬಂದ ಮೇಲೆ ಎರಡು ಮೂರು ಡಿಗ್ರಿ ವ್ಯತ್ಯಾಸ ಸಿಕ್ಕಿತು. ಕೂಳೆ ಮತ್ತು ನೆಲದ ತೇವಕ್ಕೆ ಮೊದಲು ಭತ್ತದ ಹುಲ್ಲು ಹಾಸಿ ನೋಡಿದೆ. ಮೆತ್ತಗೆ, ಬೆಚ್ಚಗೆ, ಮಕ್ಕಳಿಗೆ ಬಹಳ ಇಷ್ಟ. ಆದರೆ ಹುಲ್ಲಿನ ಜೊತೆ ಇಲಿ ಬಂತು, ಇಲಿಯ ಹಿಂದೆ ಏನು ಬರುತ್ತದೆ ಎಂದು ಹೇಳಬೇಕಾಗಿಲ್ಲ, ಮೇಲಾಗಿ ಹುಲ್ಲಿನ ವಾಸನೆಗೆ ಆನೆಯೂ ಬರುತ್ತದೆ. ಆಮೇಲೆ ಹಿಡಿದದ್ದು ಕಾಫಿ ಹೊಟ್ಟು. ಒಣ ಚೆರ್ರಿಯ ಸಿಪ್ಪೆ ಬಿಡಿಸುವ ಯಂತ್ರವಾದ ಹಲ್ಲರ್‌ನಿಂದ ಬರುವ ಹೊಟ್ಟನ್ನು ನಾಲ್ಕೈದು ಅಂಗುಲ ದಪ್ಪ ಹರವಿ, ಮೇಲೆ ದಪ್ಪನೆಯ (250 ಜಿಎಸ್ಎಂ) ತಾರ್ಪಾಲು ಬಿಗಿದು, ಅದರ ಮೇಲೆ ಡೇರೆ ಹಾಕಿದರೆ ನೆಲದ ತೊಂದರೆ ಮುಗಿಯಿತು. ಹೊಟ್ಟು ಒಣಗಿಯೇ ಇರಬೇಕು. ನೆನೆದರೆ ಹುಳಿ ನಾತ ಬಂದು ಅತಿಥಿಗಳು ಮೂಗು ಮುಚ್ಚುತ್ತಾರೆ. ಇದರೊಂದಿಗೆ ಇನ್ನೊಂದು ವಸ್ತುವನ್ನು ಸ್ವಲ್ಪ ಬೆರೆಸುತ್ತೇನೆ, ಇಲಿ ಮತ್ತು ಇರುವೆ ಹತ್ತಿರ ಸುಳಿಯುವುದಿಲ್ಲ. ಅದು ಏನೆಂಬುದನ್ನು ಇಲ್ಲಿ ಬರೆಯುವುದಿಲ್ಲ, ತೋಟಕ್ಕೆ ಬಂದವರಿಗೆ ಕಾಫಿ ಕೊಟ್ಟು ತೋರಿಸುತ್ತೇನೆ.

ಇಬ್ಬನಿಗೆ ಉತ್ತರ ಸಿಕ್ಕಿದ್ದು ಮೆಣಸಿನ ನರ್ಸರಿಯಿಂದ. ದುಬಾರಿ ಡೇರೆಯಲ್ಲಿ ನೀರು ತೊಟ್ಟಿಕ್ಕುವುದಿಲ್ಲ ಎಂದು ನಂಬಿಸಿ ಒಬ್ಬ ವ್ಯಾಪಾರಿ ಮೂವತ್ತೈದು ಸಾವಿರದ ಒಂದು ಡೇರೆಯನ್ನು ತಲೆಗೆ ಕಟ್ಟಿದ್ದ, ಅದರಲ್ಲೂ ತೊಟ್ಟಿಕ್ಕಿತು. ಆದರೆ ನರ್ಸರಿಯ ಹಸಿರು ಬಲೆಯ ಕೆಳಗಿನ ಪ್ಲಾಸ್ಟಿಕ್ ಚೀಲಗಳ ಮೇಲೆ ಬೆಳಿಗ್ಗೆ ಇಬ್ಬನಿ ಇರುತ್ತಿರಲಿಲ್ಲ ಎಂಬುದನ್ನು ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಗಮನಿಸಿ ಹೇಳಿದರು. ಎಂಟೂವರೆ ಸಾವಿರದ ಸಾಧಾರಣ ನಾಲ್ಕು ಜನರ ಡೇರೆಯ ಮೇಲೆ, ಎರಡಡಿ ಅಂತರ ಬಿಟ್ಟು, ಅಡಕೆ ಕಂಬಗಳ ಮೇಲೆ ಚಪ್ಪರ ಹಾಕಿ ಬಲೆ ಮತ್ತು ತೆಳು ತಾರ್ಪಾಲು ಎಳೆದೆ. ಇಬ್ಬನಿ ಚಪ್ಪರದ ಮೇಲೆ ಬಿತ್ತು, ಡೇರೆ ಒಣಗಿ ಉಳಿಯಿತು, ಒಳಗಿನ ಚಳಿಯೂ ಇಳಿಯಿತು. ಎರಡೂ ಕಿಟಕಿಗಳನ್ನು ನಾಲ್ಕು ಬೆರಳಿನಷ್ಟು ತೆರೆದಿಡಲೇಬೇಕು. ಚಳಿಯೆಂದು ಮುಚ್ಚಿದವರ ಡೇರೆ ಇಂದಿಗೂ ಒದ್ದೆಯಾಗುತ್ತದೆ. ಚಪ್ಪರವನ್ನು ಯಾವ ದಿಕ್ಕಿಗೆ ಎಷ್ಟು ಓರೆಯಾಗಿ ಕಟ್ಟಬೇಕು ಎಂಬುದು ಪ್ರತಿಯೊಂದು ಗದ್ದೆಗೂ ಬೇರೆ.

ಆನೆಯ ವಿಷಯದಲ್ಲಿ ನಾನು ಜಿಪುಣತನ ಮಾಡಿಲ್ಲ, ಯಾರೂ ಮಾಡಬಾರದು. ಡೇರೆಗಳ ಸುತ್ತ ಮೇಲಿನಿಂದ ತಂತಿ ಇಳಿಬಿಟ್ಟ ತೂಗು ಸೋಲಾರ್ ಬೇಲಿಗೆ ಒಂದು ಲಕ್ಷಕ್ಕಿಂತ ಹೆಚ್ಚು ಬಿತ್ತು. ಬಾಣೆಯ ಮೇಲಿನ ಬೇಲಿಗಳು ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ (ನೆಲದೊಂದಿಗಿನ ವಿದ್ಯುತ್ ಸಂಪರ್ಕ) ಕಳೆದುಕೊಂಡು ದುರ್ಬಲವಾಗುವುದು ಎಲ್ಲರಿಗೂ ತಿಳಿದಿದೆ. ಗದ್ದೆಯ ತಗ್ಗಿನಲ್ಲಿ ಅರ್ಥಿಂಗ್ ಸಲಾಕೆಗಳನ್ನು ಹೂತರೆ ಏಪ್ರಿಲ್‌ನಲ್ಲೂ ಟೆಸ್ಟರ್ ಆರೂವರೆ ಏಳು ಕಿಲೋವೋಲ್ಟ್ ತೋರಿಸುತ್ತದೆ, ಗದ್ದೆಯನ್ನು ಆರಿಸಿಕೊಂಡದ್ದರ ಇನ್ನೊಂದು ಲಾಭವದು. ಆದರೂ ಬೇಲಿಯನ್ನು ನಂಬಿ ನಾನು ಮಲಗಿದ್ದಿಲ್ಲ. ರಾತ್ರಿ ಕಾವಲಿಗೆ ಇಬ್ಬರು ಜೇನುಕುರುಬ ಹಿರಿಯರಿದ್ದಾರೆ, ರಾತ್ರಿಗೆ ತಲಾ ಎಂಟುನೂರು ರೂಪಾಯಿ ಮತ್ತು ಊಟ. ಬಾಣೆಯಲ್ಲಿ ಬಿದಿರು ಮುರಿಯುವ ಸದ್ದಿನಿಂದಲೇ ಹಿಂಡೋ ಒಂಟಿಯೋ ಎಂದು ಹೇಳುವ ಅವರ ಕಿವಿಗೆ ಸಮನಾದ ಉಪಕರಣ ಯಾವ ಅಂಗಡಿಯಲ್ಲೂ ಇಲ್ಲ. ಅರಣ್ಯ ಇಲಾಖೆಯ ವಾಟ್ಸಾಪ್ ಗುಂಪಿನಲ್ಲಿ ಆನೆಗಳಿರುವ ಜಾಗದ ಸಂದೇಶ ಬರುತ್ತದೆ. ನಮ್ಮ ಪಕ್ಕದ ತೋಟದ ಹೆಸರು ಕಂಡ ರಾತ್ರಿ ಎಲ್ಲರನ್ನೂ ಮನೆಗೆ ಸ್ಥಳಾಂತರಿಸುತ್ತೇನೆ, ದೂರಿದವರಿಗೆ ಅರ್ಧ ಹಣ ವಾಪಸು. ಹತ್ತಿರದ ಹಲಸಿನ ಮರಗಳ ಕಾಯಿಗಳನ್ನು ಎಳೆಯದರಲ್ಲೇ ಕೆಡವಿಸುತ್ತೇನೆ. ಡೇರೆಯೊಳಗೆ ಬಾಳೆಹಣ್ಣು, ಬೆಲ್ಲ, ಬಿಸ್ಕತ್ತು ಏನೂ ಇರುವಂತಿಲ್ಲ, ಅಡುಗೆ ಊಟವೆಲ್ಲ ಮೇಲೆ ಮನೆಯಲ್ಲಿ. 2023ರ ಫೆಬ್ರವರಿಯಲ್ಲಿ ಕುಟ್ಟದ ಬಳಿ ಹುಲಿ ಇಬ್ಬರನ್ನು ಕೊಂದಾಗ ಅನೇಕ ವಾರ ಡೇರೆಗಳನ್ನೇ ಬಿಚ್ಚಿಟ್ಟಿದ್ದೆ; ಆ ದಿನಗಳಲ್ಲಿ ಬಂದ ಫೋನ್‌ಗಳಿಗೆ ಇಲ್ಲವೆಂದು ಹೇಳಿದ್ದರಿಂದ ಹೋದ ಹಣ ಒಂದು ಲಕ್ಷದ ಹತ್ತಿರ.

ಹೆಚ್ಚು ಹಣ ತಿಂದದ್ದು ಶೌಚಾಲಯ. ಕುಟುಂಬದೊಂದಿಗೆ ಬರುವವರು ಫೋನಿನಲ್ಲಿ ಮೊದಲು ಕೇಳುವುದು ಹುಲಿಯನ್ನಲ್ಲ, ಬಚ್ಚಲನ್ನು. ಗದ್ದೆಯ ಬದಿಯಲ್ಲೇ ತೋಡಿಸಿದ ಇಂಗುಗುಂಡಿಗೆ ನೆಲದಡಿಯ ನೀರೇ ಜಿನುಗಿ ತುಂಬಿಕೊಂಡಿತು, ಅದಕ್ಕೆ ಹಾಕಿದ ಐವತ್ತು ಸಾವಿರ ಮಣ್ಣುಪಾಲಾಯಿತು. ಕೊನೆಗೆ ಬಾವಿಯಿಂದ ಸಾಕಷ್ಟು ದೂರದಲ್ಲಿ, ಬಾಣೆಯ ಇಳಿಜಾರಿನಲ್ಲಿ ಬಳಕೆ ತಪ್ಪಿದ್ದ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ ಹಳೆಯ ಪಲ್ಪರ್ ಮನೆಯನ್ನು ಒಡೆದು ನಾಲ್ಕು ಶೌಚಾಲಯ, ಎರಡು ಬಚ್ಚಲು ಮಾಡಿದೆ. ಕಾಫಿ ಬೊಡ್ಡೆಯ ಸೌದೆಗೆ ಹಂಡೆಯ ನೀರು ಬೆಳಗಿನ ಐದರಿಂದ ಕುದಿಯುತ್ತಿರುತ್ತದೆ. ಒಟ್ಟು ಖರ್ಚು ಮೂರೂಕಾಲು ಲಕ್ಷ. ಎಂಟು ಡೇರೆಗಳಿಗೆ ಖರ್ಚಾದದ್ದು ಅದರ ಅರ್ಧದಷ್ಟೂ ಇಲ್ಲ.

ನಾನು ಹಾಕಿದ ನಿಯಮಗಳ ಬಗ್ಗೆ ಎಲ್ಲರೂ ನನ್ನನ್ನು ಹೆದರಿಸಿದ್ದರು. ಮಕ್ಕಳೋ ಹಿರಿಯರೋ ಇಲ್ಲದ ಗುಂಪಿಗೆ ಡೇರೆ ಇಲ್ಲ, ಸಂಜೆ ಐದರೊಳಗೆ ತಲುಪಬೇಕು, ಕಾರು ಗದ್ದೆಗೆ ಇಳಿಯುವಂತಿಲ್ಲ, ಧ್ವನಿವರ್ಧಕವಿಲ್ಲ. ಬೆಂಕಿ ಬೇಕೆಂದರೆ ಕತ್ತರಿಸಿದ ಡ್ರಮ್ಮಿನೊಳಗೆ, ನೆಲದಿಂದ ಮೇಲೆ, ಒಂಬತ್ತಕ್ಕೆ ನೀರು ಸುರಿದು ಮುಗಿಸಬೇಕು. ಫೆಬ್ರವರಿಯ ಮೇಲೆ ಒಣ ಕೂಳೆಗೆ ಕಿಡಿ ತಾಗಿದರೆ ಕಾಡಿನ ಅಂಚಿನವರೆಗೂ ಹೋಗುತ್ತದೆ. ಇಷ್ಟು ಕಟ್ಟುಪಾಡಿದ್ದರೆ ಯಾರು ಬರುತ್ತಾರೆ ಎಂದರು. ಹೆಂಗಸರು, ಅಜ್ಜ ಅಜ್ಜಿಯರು ಬರುತ್ತಿರುವುದು ಈ ಕಟ್ಟುಪಾಡಿಗಾಗಿಯೇ ಎಂದು ನಾನೀಗ ಧೈರ್ಯವಾಗಿ ಹೇಳಬಲ್ಲೆ.

ಸಫಾರಿಯನ್ನೂ ನಾನು ಮಾರುವುದಿಲ್ಲ. ನಾಣಚ್ಚಿ ಗೇಟಿಗೆ ಅಥವಾ ಗಡಿಯಾಚೆ ಕೇರಳದ ತೋಲ್ಪೆಟ್ಟಿಗೆ ಹೋಗುವವರಿಗೆ ದಾರಿ ಹೇಳುತ್ತೇನೆ, ಇರ್ಪು ಜಲಪಾತದಲ್ಲಿ ಏಪ್ರಿಲ್‌ನಲ್ಲಿ ನೀರು ಕಡಿಮೆ ಎಂದೂ ಹೇಳುತ್ತೇನೆ. ನಮ್ಮಲ್ಲಿರುವುದು ಕೊಯ್ಲು, ಕಣ, ಕೆರೆ, ಕಡಂಬುಟ್ಟು ಎಂಬ ಅಕ್ಕಿ ಕಡುಬು ಮತ್ತು ಕತ್ತಲೆ. 2025ರ ನವೆಂಬರ್‌ನಲ್ಲಿ ನಾಗರಹೊಳೆ, ಬಂಡೀಪುರದ ಸಫಾರಿಯನ್ನು ಸರ್ಕಾರ ನಿಲ್ಲಿಸಿದಾಗ, ಹುಲಿಯ ಚಿತ್ರ ಹಾಕಿ ಕೊಠಡಿ ತುಂಬಿಸುತ್ತಿದ್ದವರು ಫೋನ್ ಹಿಡಿದು ಕೂತರು. ನಮ್ಮಲ್ಲಿ ಜನವರಿಗೆ ಕಾಯ್ದಿರಿಸಿದ್ದವರಲ್ಲಿ ಹಿಂದೆ ಸರಿದದ್ದು ಎರಡೋ ಮೂರೋ ಕುಟುಂಬ. ನನ್ನನ್ನು ನೋಡಿ ನಕ್ಕವರು ಅಳತೆ ಹಿಡಿಯಲು ಬಂದದ್ದು ಆಗಲೇ.

ಕಾಫಿ ಹೂ ಅರಳಿಸುವ ಹೂಮಳೆಯದು ಬೇರೆಯೇ ಕಥೆ. ಮಾರ್ಚ್ ತಿಂಗಳಲ್ಲಿ ಒಂದೂವರೆ ಇಂಚು ಮಳೆಗಾಗಿ ಬೆಳೆಗಾರನಾಗಿ ಕೈಮುಗಿಯುತ್ತೇನೆ, ಅದೇ ಮಳೆ ಶನಿವಾರ ಬಂದರೆ ಜೇಡಿಮಣ್ಣು ಅಂಟಾಗಿ ಡೇರೆಗಳಿಗೆ ಹೋಗುವ ದಾರಿಯೇ ಮುಚ್ಚುತ್ತದೆ. ಬದುಗಳ ಮೇಲೆ ಜಲ್ಲಿ ಹಾಕಿದೆ, ಮಡಿಗಳ ನೀರುದಾರಿಗಳನ್ನು ಜನವರಿಯಲ್ಲೇ ತೆರೆದಿಡುತ್ತೇನೆ, ಉಳಿದದ್ದಕ್ಕೆ ಉಪಾಯವಿಲ್ಲ. ಆದರೆ ಮಳೆ ಬಿದ್ದ ಏಳೆಂಟು ದಿನಕ್ಕೆ ರೊಬಸ್ಟಾ ಹೂವು ಅರಳಿ ಇಡೀ ಬಾಣೆ ಬೆಳ್ಳಗಾಗುತ್ತದೆ. ಆ ವಾರಕ್ಕಾಗಿ ಹೆಸರು ಬರೆಸಿ ಕಾಯುವವರ ಪಟ್ಟಿಯೇ ನನ್ನಲ್ಲಿದೆ, ಮಳೆ ಬಿದ್ದ ದಿನವೇ ಅವರಿಗೆ ಸಂದೇಶ ಕಳುಹಿಸುತ್ತೇನೆ. ಸ್ಪ್ರಿಂಕ್ಲರ್ ಹಾಕುವ ದಿನಗಳಲ್ಲಿ ಡೀಸೆಲ್ ಪಂಪಿನ ಸದ್ದು ರಾತ್ರಿಯಿಡೀ ಕೇಳುವುದರಿಂದ ಅದನ್ನು ವಾರದ ನಡುವಿಗೆ ತಳ್ಳಿದ್ದೇನೆ, ಇದರಿಂದ ಒಂದೆರಡು ಎಕರೆ ನೀರು ತಡವಾಗಿ ಕಾಣುತ್ತದೆ.

ಕೆಲವು ಪ್ರಯೋಗಗಳು ಹಾಗೆಯೇ ನಿಂತಿವೆ. ಹಿಂದೆ ಆನೆ ಕಾಯಲು ಕಟ್ಟುತ್ತಿದ್ದಂಥ ಅಟ್ಟಣೆಯನ್ನು ಮಕ್ಕಳಿಗಾಗಿ ಆರಡಿ ಎತ್ತರದಲ್ಲಿ ಕಟ್ಟಿಸಿದೆ. ಮಕ್ಕಳಿಗಿಂತ ಹೆಚ್ಚಾಗಿ ಅಪ್ಪಂದಿರು ಹತ್ತಿ ಕೂತು ಒಂದು ಕಾಲು ಬಾಗಿಸಿದರು. ಮೇ ತಿಂಗಳಲ್ಲಿ ಮಿಂಚುಹುಳ ನೋಡಲೆಂದು ಎಲ್ಲ ದೀಪಗಳನ್ನು ಆರಿಸಿಟ್ಟ ರಾತ್ರಿಗಳು ಯಶಸ್ವಿಯಾದವು, ಖರ್ಚೂ ಇರಲಿಲ್ಲ. ಖಾಲಿ ಮಡಿಯಲ್ಲಿ ಉದ್ದು ಬಿತ್ತಿದ್ದು ಮಾತ್ರ ನವಿಲಿನ ಪಾಲಾಯಿತು.

ಲೆಕ್ಕ ಹೇಳುವುದಾದರೆ, ದೊಡ್ಡವರಿಗೆ ಎರಡು ಊಟ ಸೇರಿ 1,900, ಮಕ್ಕಳಿಗೆ ಅರ್ಧ, ಐದು ವರ್ಷದ ಒಳಗಿನವರಿಗೆ ಇಲ್ಲ. ಶುಕ್ರವಾರ, ಶನಿವಾರ ರಾತ್ರಿ ಮಾತ್ರ ನಡೆಸುತ್ತೇನೆ. ಕಳೆದ ಋತುವಿನ ವಸೂಲಿ ಎಂಟೂವರೆ ಒಂಬತ್ತು ಲಕ್ಷ, ಊಟ, ಕೂಲಿ, ಕಾವಲು, ತೆರಿಗೆ, ಹಿಂದಿರುಗಿಸಿದ್ದು ಎಲ್ಲ ಕಳೆದು ಉಳಿದದ್ದು ಮೂರೂವರೆ ಲಕ್ಷದ ಮೇಲೆ. ಹಾಕಿದ ಬಂಡವಾಳ ಏಳು ಲಕ್ಷದ ಹತ್ತಿರವಿದ್ದು, ಅದರ ಬಹುಪಾಲು ತೀರಿದೆ.

ಮೇ ಮಧ್ಯದಲ್ಲಿ ಎಲ್ಲವನ್ನೂ ಬಿಚ್ಚಿ ಹೊಟ್ಟನ್ನು ಗದ್ದೆಗೇ ಹರವಿ, ಜೂನ್ ಮಳೆಗೆ ಉಳುತ್ತೇವೆ. ಡೇರೆ ನಿಂತ ಮಡಿಗಳಲ್ಲಿ ಇಳುವರಿ ಕಡಿಮೆಯಾಗಿಲ್ಲ, ಜನ ನಡೆದ ಪಟ್ಟಿಗಳಲ್ಲಿ ಮಾತ್ರ ಟಿಲ್ಲರನ್ನು ಎರಡು ಸಲ ಹೆಚ್ಚು ಓಡಿಸಬೇಕು. ಕಬ್ಬಿಣದ ಗೂಟಗಳಿಗೆಲ್ಲ ಕೆಂಪು ಬಣ್ಣ ಬಳಿದು, ಹಾಕುವಾಗ ಎಣಿಸಿ ಕಿತ್ತಾಗ ಮತ್ತೆ ಎಣಿಸಿ. ಒಂದು ಉಳಿದರೂ ಟಿಲ್ಲರಿನ ಬ್ಲೇಡು ಹೋಗುತ್ತದೆ, ಇಲ್ಲವೇ ನಾಟಿಗೆ ಇಳಿದವರ ಕಾಲಿಗೆ ಚುಚ್ಚುತ್ತದೆ.